ಚಾಟಿ ನರಸಿಂಹಯ್ಯನ ಎಡಗಾಲು

ಗುಬ್ಬಿಯಲ್ಲಿ ನರಸಿಂಹಯ್ಯಂದಿರು ಬೇಕಾದಷ್ಟು ಜನ ಇದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬರೀ ನರಸಿಂಹಯ್ಯನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ನರಸಿಂಹಯ್ಯ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಚಾಟಿ ನರಸಿಂಹಯ್ಯ ಎಂದರೆ ಮಾತ್ರ ಆಟೋದವನು ಮುಂದೆ ಮಾತಿಲ್ಲದೆ ಹತ್ತಿಸಿಕೊಂಡು, ಊರಂಚಿನ ಬೀದಿಯ ಕೊನೆಯಲ್ಲಿರುವ ಬೇವಿನ ಮರದ ಕೆಳಗೆ ತಂದು ಇಳಿಸುತ್ತಾನೆ. ಆ ಮರಕ್ಕೆ ಎದೆಮಟ್ಟದಲ್ಲಿ ಒಂದು ದಪ್ಪ ಕಬ್ಬಿಣದ ಮೊಳೆ ಹೊಡೆದಿದೆ. ನರಸಿಂಹಯ್ಯನ ತಾತ ಹೊಡೆದ ಮೊಳೆ ಅದು. ಮರ ದಪ್ಪವಾಗುತ್ತಾ ಮೊಳೆಯ ಅರ್ಧವನ್ನು ನುಂಗಿಕೊಂಡಿದೆ, ಉಳಿದರ್ಧ ಉಜ್ಜಿ ಉಜ್ಜಿ ಹೊಳೆಯುತ್ತದೆ.

ಆ ಮೊಳೆಗೆ ಚರ್ಮದ ಬಾರುಗಳನ್ನು ಸಿಕ್ಕಿಸಿ, ಹೆಣೆಯುತ್ತಾ ಹೆಣೆಯುತ್ತಾ ಹಿಂದಕ್ಕೆ ಹೆಜ್ಜೆಯಿಡುವುದು ಈ ಮನೆಯವರ ಮೂರು ತಲೆಮಾರಿನ ಕೆಲಸ. ಎತ್ತಿನ ಗಾಡಿಯವರಿಗೆ ಬಾರುಕೋಲು, ಜಟಕಾದವರಿಗೆ ಉದ್ದನೆಯ ತೆಳು ಚಾಟಿ, ನಾಟಕದವರಿಗೆ ನೋಡಲು ಭಯಂಕರವಾದ, ಹೊಡೆದರೆ ಸೊಳ್ಳೆಯೂ ಸಾಯದ ಚಾಟಿ. ಈಗ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದೆ. ತಮಾಷೆಯೆಂದರೆ ಆ ಟ್ರ್ಯಾಕ್ಟರಿನವರೇ ಕನ್ನಡಿಯ ಪಕ್ಕ ನೇತುಹಾಕಲು ಗೇಣುದ್ದದ ಕರಿ ಚಾಟಿ ಕೇಳಿಕೊಂಡು ಬರುತ್ತಾರೆ, ದೃಷ್ಟಿ ಆಗದಿರಲಿ ಅಂತ. ಕುಣಿಗಲ್ ಕಡೆಯ ಕುದುರೆ ಪಳಗಿಸುವವರು ವರ್ಷಕ್ಕೆ ಒಂದೋ ಎರಡೋ ಒಯ್ಯುತ್ತಾರೆ. ನರಸಿಂಹಯ್ಯ ಯಾರಿಗೂ ಇಲ್ಲವೆನ್ನುವುದಿಲ್ಲ. ಆದರೆ ಅವನು ನಿಜಕ್ಕೂ ಮನಸ್ಸಿಟ್ಟು ಕಟ್ಟುವುದು ಅಮ್ಮನ ಪೆಟ್ಟಿಗೆ ಹೊತ್ತು ಊರೂರು ತಿರುಗುವವರ ಚಾಟಿಯನ್ನು.

ಹೆಂಡತಿಯ ತಲೆಯ ಮೇಲೆ ದೇವಿಯ ಪೆಟ್ಟಿಗೆ, ಸೊಂಟದಲ್ಲಿ ಕೋಲಿನಿಂದ ಉಜ್ಜಿ ನುಡಿಸುವ ಉರುಮೆ ವಾದ್ಯ. ಗಂಡ ಕಾಲಿಗೆ ಗೆಜ್ಜೆ ಕಟ್ಟಿ, ಬರಿಮೈಯಲ್ಲಿ ಅಂಗಡಿಗಳ ಮುಂದೆ ಕುಣಿಯುತ್ತಾ ತನ್ನ ಬೆನ್ನಿಗೆ ತಾನೇ ಚಾಟಿ ಬೀಸಿಕೊಳ್ಳುತ್ತಾನೆ. ತುಮಕೂರು ಸೀಮೆಯಲ್ಲಿ ಇವರನ್ನು ನೋಡದವರಿಲ್ಲ. ಚಟೀರ್ ಅಂದಾಗ ಗಲ್ಲಾದ ಹಿಂದೆ ಕೂತ ಸಾಹುಕಾರನಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಆ ಸದ್ದು ಬೆನ್ನಿನದಲ್ಲ. ಹಿಡಿಯ ಹತ್ತಿರ ಹನ್ನೆರಡು ಎಳೆಯಿಂದ ಶುರುವಾದ ಹೆಣಿಗೆ ನಡುವೆ ಎಂಟಾಗಿ, ಕೊನೆಗೆ ನಾಲ್ಕಾಗುತ್ತದೆ. ತುದಿಗೆ ಕತ್ತಾಳೆ ನಾರಿನ ಒಂದು ಕುಚ್ಚು. ಕೈ ವರಸೆಯಾಗಿ ತಿರುಗಿದರೆ ಕುಚ್ಚು ಗಾಳಿಯಲ್ಲೇ ಸಿಡಿದು ಸದ್ದು ಮಾಡುತ್ತದೆ, ಚಾಟಿಯ ಹೊಟ್ಟೆ ಬೆನ್ನನ್ನು ಸವರಿಕೊಂಡು ಬರುತ್ತದೆ. ಇದು ಕಟ್ಟುವವನಿಗೆ ಗೊತ್ತು, ಬೀಸುವವನಿಗೆ ಗೊತ್ತು, ಇಬ್ಬರೂ ಬಾಯಿ ಬಿಡುವುದಿಲ್ಲ. ಮೋಸ ಅನ್ನುವವರು ಅನ್ನಲಿ ಬಿಡಿ. ದಿನಕ್ಕೆ ನೂರು ಅಂಗಡಿಯ ಮುಂದೆ ಬೆನ್ನೊಡ್ಡುವವನು ಸಾಯಂಕಾಲ ನೆಟ್ಟಗೆ ಮನೆಗೆ ಹೋಗಬೇಕಲ್ಲ.

"ಅಮ್ಮಂಗೆ ಬೇಕಿರೋದು ಸದ್ದು ಕಣಣ್ಣ, ರಕ್ತ ಅಲ್ಲ" ಎಂದು ಅಂಜನಮೂರ್ತಿ ಹೇಳುವುದುಂಟು. ಅಂಜನಮೂರ್ತಿ ಇಪ್ಪತ್ತು ವರ್ಷದಿಂದ ನರಸಿಂಹಯ್ಯನ ಗಿರಾಕಿ. ಪೆಟ್ಟಿಗೆ ಹೊರುವವಳು ಅವನ ಹೆಂಡತಿ ಕೊಲ್ಲಾಪುರಮ್ಮ. ಗಿರಾಕಿ ಅಂದರೆ ಕಡಿಮೆಯಾಯಿತು, ಮನೆಯವರ ಹಾಗೇ. ಬಂದರೆ ಊಟ ಮಾಡದೆ ಎದ್ದವರಲ್ಲ.

ಈ ಮನೆಯಲ್ಲಿ ಒಂದು ಕಟ್ಟಳೆ ಇದೆ. ಯಾರಿಗೆ ಕಟ್ಟಿದ್ದೇ ಆಗಲಿ, ಕೊಂಡವರ ಕೈಗೆ ಹೋಗುವ ಮೊದಲು ಚಾಟಿ ಕಟ್ಟಿದವನ ಎಡಗಾಲ ಮೀನಖಂಡದ ಮೇಲೆ ಒಮ್ಮೆ ಬೀಳಬೇಕು. ಅದೂ ಕೊಳ್ಳುವವರ ಕಣ್ಣೆದುರಿಗೇ. ಇದನ್ನು ಶುರು ಮಾಡಿದವನು ತಾತ. ಊರಿನ ಪಟೇಲರ ಮನೆಗೆ ಎತ್ತಿಗೆಂದು ಒಂದು ಚಾಟಿ ಕಟ್ಟಿಕೊಟ್ಟಿದ್ದನಂತೆ. ಅದು ಒಂದು ದಿನ ಜೀತದಾಳಿನ ಮೈಮೇಲೆ ಬಿತ್ತು. ಆಳು ಬೇರೆ ಯಾರೂ ಅಲ್ಲ, ತಾತನ ಒಡಹುಟ್ಟಿದ ತಮ್ಮ. ತಮ್ಮನ ಬೆನ್ನಿಗೆ ಅರಿಶಿನ ಹರಳೆಣ್ಣೆ ಹಚ್ಚುತ್ತಾ ಕೂತಾಗ, ಆ ಬಾಸುಂಡೆಗಳ ಮೇಲೆ ತಾತನಿಗೆ ತನ್ನದೇ ಹೆಣಿಗೆಯ ಗುರುತು ಕಂಡಿತಂತೆ. ಪಟೇಲರು ಮತ್ತೆ ಚಾಟಿ ಬೇಕೆಂದು ಹೇಳಿಕಳಿಸಿದಾಗ ಆಗುವುದಿಲ್ಲ ಎನ್ನುವ ಕಾಲ ಅದಲ್ಲ. ಕಟ್ಟಿಕೊಂಡು ಹೋದ. ಕೊಡುವ ಮುಂಚೆ ಪಟೇಲರ ಅಂಗಳದಲ್ಲಿ ನಿಂತು, ಪಂಚೆ ಎತ್ತಿ, ತನ್ನ ಕಾಲಿಗೆ ತಾನೇ ಬಾರಿಸಿಕೊಂಡ.

"ಇದ್ಯಾಕ್ಲಾ?" ಎಂದು ಪಟೇಲರು ನಕ್ಕರು.

"ಯಾರ್ ಮ್ಯಾಲೆ ಬೀಳ್ತದೋ ನಂಗ್ ಗೊತ್ತಿಲ್ಲ ಬುದ್ದಿ. ಎಷ್ಟು ನೋಯ್ತದೆ ಅಂತನಾದ್ರೂ ಗೊತ್ತಿರ್ಲಿ."

ಅವತ್ತಿನ ಕೋಪ ಮುಂದೆ ಮನೆಯ ಪದ್ಧತಿಯಾಯಿತು. ತಾತನಿಂದ ಅಪ್ಪನಿಗೆ, ಅಪ್ಪನಿಂದ ನರಸಿಂಹಯ್ಯನಿಗೆ ಬಂತು. ಹದಿನಾರನೆಯ ವಯಸ್ಸಿನಿಂದ ಅರವತ್ತೆರಡರವರೆಗೆ ಆ ಎಡಗಾಲು ಎಷ್ಟು ಏಟು ತಿಂದಿದೆಯೋ ದೇವರಿಗೇ ಗೊತ್ತು. ಬಾಯಿ ಉಸ್ ಅಂದರೆ ಚಾಟಿ ಬಿಚ್ಚಬೇಕು, ಸುಮ್ಮನಿದ್ದರೆ ಕೊಡಬಹುದು, ಅಷ್ಟೇ ಲೆಕ್ಕಾಚಾರ. ಮೊದಮೊದಲು ಹತ್ತರಲ್ಲಿ ಮೂರು ಬಿಚ್ಚುತ್ತಿದ್ದ. ಆಮೇಲಾಮೇಲೆ ಒಂದು. ಈಚೆಗೆ ಮೂರು ವರ್ಷದಿಂದ ಒಂದನ್ನೂ ಬಿಚ್ಚುವ ಪ್ರಸಂಗ ಬಂದಿರಲಿಲ್ಲ. ಕೈ ಈಗ ಪೂರ್ತಿ ಪಳಗಿತು ಎಂದು ನರಸಿಂಹಯ್ಯ ಒಳಗೊಳಗೇ ಬೀಗುತ್ತಿದ್ದ. ಬಾಯಿಬಿಟ್ಟು ಹೇಳಿದ್ದೂ ಉಂಟು.

ಹೇಳಿದಾಗ ಅವನ ಹೆಂಡತಿ ರೇವಮ್ಮ ತನ್ನ ಪಾಡಿಗೆ ಚರ್ಮ ಹೆರೆಯುತ್ತಿದ್ದಳು. ಹೆಣೆಯುವುದು ಗಂಡಸರ ಕೆಲಸ, ಮೊಳೆಯ ಮುಂದೆ ನಿಲ್ಲುವವನೇ ಕಟ್ಟಿದವನು ಅಂತ ಈ ಬೀದಿಯ ಲೆಕ್ಕ. ಅದಕ್ಕೂ ಮೊದಲಿನದೆಲ್ಲ ರೇವಮ್ಮನದು. ತಟ್ಟೆಯಗಲದ ಚರ್ಮವನ್ನು ತೊಡೆಯ ಮೇಲಿಟ್ಟುಕೊಂಡು, ರಂಪಿಗೆ ಕತ್ತಿ ಹಿಡಿದು, ಅಂಚಿನಿಂದ ಸುತ್ತುಸುತ್ತಾಗಿ ಕೊಯ್ಯುತ್ತಾ ಹೋದರೆ ಒಂದೇ ಒಂದು ಉದ್ದನೆಯ ಬಾರು ಬಿಚ್ಚಿಕೊಳ್ಳುತ್ತದೆ. ಹಾಗೆ ಕೊಯ್ದ ಬಾರಿಗೆ ಎರಡು ಕಡೆಯೂ ಚೂಪು ಅಂಚಿರುತ್ತದೆ, ಒಣಗಿದರೆ ಬ್ಲೇಡಿನ ಹಾಗೆ. ಅದನ್ನು ಹೆರೆದು ದುಂಡು ಮಾಡಬೇಕು. ಹೆರೆದದ್ದು ಸಾಕೋ ಇಲ್ಲವೋ ಎಂದು ನೋಡಲು ರೇವಮ್ಮನದೇ ಒಂದು ದಾರಿಯಿತ್ತು. ಬಾರನ್ನು ಕೆಳತುಟಿಯ ಮೇಲೆ ನಿಧಾನಕ್ಕೆ ಎಳೆದುಕೊಳ್ಳುವಳು. ಎಲ್ಲಿ ತುಟಿ ಚುರ್ ಅನ್ನುತ್ತದೋ ಅಲ್ಲಿ ಮತ್ತೆ ರಂಪಿಗೆ. ಹನ್ನೆರಡು ಬಾರನ್ನೂ ಹೀಗೆ ಎಳೆದು ಮುಗಿಸುವಷ್ಟರಲ್ಲಿ ತುಟಿ ಊದಿಕೊಂಡು, ಎರಡು ದಿನ ಖಾರ ತಿನ್ನಲು ಆಗುತ್ತಿರಲಿಲ್ಲ. ಇದನ್ನು ಯಾರೂ ಕಟ್ಟಳೆ ಎಂದು ಕರೆದಿರಲಿಲ್ಲ.

ಆ ಮೂರು ವರ್ಷದ ಆರಂಭದಲ್ಲಿ ಊರಿಗೆ ಬಂದ ಆರೋಗ್ಯ ಕ್ಯಾಂಪಿನಲ್ಲಿ ರಕ್ತ ನೋಡಿ ನರಸಿಂಹಯ್ಯನಿಗೆ ಶುಗರ್ ಇದೆ ಎಂದಿದ್ದರು. ಮಾತ್ರೆ ಕೊಟ್ಟರು. ನೆನಪಾದ ದಿನ ನುಂಗುವನು, ಬೆಲ್ಲದ ಟೀಯನ್ನು ಮಾತ್ರ ನೆನಪು ಮಾಡಬೇಕಾಗಿರಲಿಲ್ಲ. ಕಾಲು ಆಗಾಗ ಜೋಮು ಹಿಡಿದಂತಾಗುತ್ತಿತ್ತು. ಕೂತು ಕೂತು ಹೀಗೆ ಅಂದುಕೊಂಡ. ಒಂದು ಸಲ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಒಂದೇ ಚಪ್ಪಲಿಯಲ್ಲಿ ನಡೆದು ಬಂದ. ಬಾಗಿಲಲ್ಲಿ ನಿಂತಿದ್ದ ರೇವಮ್ಮ, "ಇನ್ನೊಂದ್ ಎಲ್ಲಿ?" ಅಂದಾಗಲೇ ಬಗ್ಗಿ ನೋಡಿದ್ದು. ಬೀದಿಯವರೆಲ್ಲ ನಕ್ಕರು, ಅವನೂ ನಕ್ಕ. ಚಪ್ಪಲಿ ಸಿಕ್ಕಿತು, ಮಾತು ಮರೆತುಹೋಯಿತು.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ, ಮೊಮ್ಮಗಳಿಗೆ ಸೀತಾಳೆ ಸಿಡುಬು ಎದ್ದಿದೆ ಎಂದು ಫೋನ್ ಬಂತು. ಮಗಳು ದೀಪಿಕಾಳ ಗಂಡನಿಗೆ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ಮನೆಯೂ ಅಲ್ಲೇ ಹತ್ತಿರ. ರೇವಮ್ಮ ಬೇವಿನ ಸೊಪ್ಪಿನ ಗಂಟು ಕಟ್ಟಿಕೊಂಡು ಅಲ್ಲಿಗೆ ಹೋದಳು. ಅವಳು ಹೋದ ಮೂರನೆಯ ದಿನಕ್ಕೆ ಅಂಜನಮೂರ್ತಿ ಬಂದ. ಅವನ ಚಾಟಿಯನ್ನು ಇಲಿ ಕಡಿದುಹಾಕಿತ್ತು. ಹರಳೆಣ್ಣೆ ಕುಡಿದ ಚರ್ಮವೆಂದರೆ ಇಲಿಗೆ ಹಬ್ಬದೂಟ.

"ಅಮ್ಮನ ಪೆಟ್ಗೆ ಕೆಳ್ಗೇ ಮಡಗಿದ್ದೆ ಕಣಣ್ಣ. ಇಲಿಗೆ ಅಮ್ಮನ ಭಯನೂ ಇಲ್ದಂಗಾಯ್ತಲ್ಲ!"

ಮುಂದಿನ ಮಂಗಳವಾರ ಕುಣಿಗಲ್‌ನಲ್ಲಿ ಕುಣಿಯಬೇಕು, ಸೋಮವಾರ ಸಂಜೆಯೊಳಗೆ ಚಾಟಿ ಬೇಕು ಎಂದ. ರೇವಮ್ಮ ಬರಲಿ ಎನ್ನಬಹುದಿತ್ತು. ನರಸಿಂಹಯ್ಯ ಅನ್ನಲಿಲ್ಲ. ಮೂರು ವರ್ಷದಿಂದ ಒಂದೂ ಬಿಚ್ಚದ ಕೈ ಅದು. ತಾನೇ ಬಾರು ಕೊಯ್ದ. ತಾನೇ ಅಂಚು ಹೆರೆದ. ತುಟಿಗೆಳೆದು ನೋಡುವುದು ಹೆಂಗಸರ ಚಾಳಿ ಎಂದುಕೊಂಡು ಬೆರಳಲ್ಲಿ ಸವರಿ ನೋಡಿದ. ಬೆರಳಿಗೆ ನುಣ್ಣಗೇ ಅನ್ನಿಸಿತು. ಮರಕ್ಕೆ ಸಿಕ್ಕಿಸಿ, ಬಿಗಿಯಾಗಿ ಹೆಣೆದು, ನೆರಳಲ್ಲಿ ಒಣಗಿಸಿ, ಹಲಗೆಯ ಕೆಳಗಿಟ್ಟು ಉರುಳಿಸಿದ. ನೋಡಲು ಏನೂ ಕುಂದಿಲ್ಲದ ಚಾಟಿ. ಕರೀ ನಾಗರದ ಹಾಗೆ ಮಿರಮಿರ ಮಿಂಚುತ್ತಿತ್ತು.

ಸೋಮವಾರ ಸಂಜೆ ಅಂಜನಮೂರ್ತಿಯ ಎದುರಿಗೆ ಪಂಚೆ ಎತ್ತಿ ಎಡಗಾಲಿಗೆ ಬೀಸಿಕೊಂಡ. ಚಟೀರ್ ಎಂದು ಇಡೀ ಬೀದಿಗೆ ಕೇಳಿಸಿತು. ಕಾಲಿಗೆ ಏನೂ ಅನ್ನಿಸಲಿಲ್ಲ. ಮತ್ತೊಮ್ಮೆ ಬೀಸಿಕೊಂಡ. ಹೂವಿನ ಸರ ತಾಕಿದಷ್ಟೂ ಇಲ್ಲ. ನಲವತ್ತಾರು ವರ್ಷದಲ್ಲಿ ಇಂಥದ್ದೊಂದನ್ನು ತಾನು ಕಟ್ಟಿರಲಿಲ್ಲ ಎಂದು ನರಸಿಂಹಯ್ಯನಿಗೆ ಅನ್ನಿಸಿತು. ಸಂತೋಷ ತಡೆಯಲಾರದೆ ಮೂರನೆಯ ಸಲವೂ ಬೀಸಿಕೊಂಡ.

"ನೋಡ್ಲಾ ಮೂರ್ತಿ, ಇದು ಚಾಟಿ ಅಂದ್ರೆ! ಮೈಗೆ ತಾಕಿದ್ದೇ ಗೊತ್ತಾಗಕಿಲ್ಲ."

ಹೊತ್ತು ಮುಳುಗುತ್ತಿತ್ತು. ಅಂಜನಮೂರ್ತಿ ಕಾಲಿನ ಕಡೆ ನೋಡಲಿಲ್ಲ. ಚಾಟಿಯನ್ನು ಕಣ್ಣಿಗೊತ್ತಿಕೊಂಡು, ಕಡೇ ಬಸ್ಸಿಗೆ ಹೊತ್ತಾಯಿತೆಂದು ಹೊರಟ. ನರಸಿಂಹಯ್ಯ ಆ ಖುಷಿಗೆ ಬೆಲ್ಲದ ಟೀ ಮಾಡಿಕೊಂಡು ಕುಡಿದು ಮಲಗಿದ.

ಬೆಳಿಗ್ಗೆ ಮೊದಲ ಬಸ್ಸಿಗೇ ರೇವಮ್ಮ ಬಂದಳು. ನರಸಿಂಹಯ್ಯ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು ಬೀಡಿ ಹಚ್ಚುತ್ತಿದ್ದ. ಅವಳು ಚೀಲ ಕೆಳಗಿಡಲಿಲ್ಲ.

"ಏನಿದು ಕಾಲು?"

"ಯಾವ ಕಾಲು?"

"ಇರುವೆ ಮುತ್ಕಂಡೈತಲ್ಲ, ಕಣ್ ಕಾಣಕಿಲ್ವಾ ನಿಂಗೆ?"

ಬಗ್ಗಿ ನೋಡಿದ. ಮೀನಖಂಡದ ಮೇಲೆ ಅಡ್ಡಡ್ಡವಾಗಿ ಮೂರು ಸೀಳು. ರಕ್ತ ಹಿಮ್ಮಡಿಯವರೆಗೆ ಇಳಿದು ಒಣಗಿತ್ತು, ಪಂಚೆಯ ಅಂಚು ಅಂಟಿಕೊಂಡಿತ್ತು. ಸೀಳಿನುದ್ದಕ್ಕೂ ಇರುವೆ ಸಾಲು. ಇದು ಯಾರದೋ ಕಾಲು ಎನ್ನುವಂತೆ ನೋಡಿದ. ಬೆರಳಿಟ್ಟು ಒತ್ತಿದ. ಏನೂ ಇಲ್ಲ. ಉಗುರಿನಿಂದ ಗಿಲ್ಲಿದ. ಊಹೂಂ. ಮೂರು ಸೀಳು, ಮೂರು ಏಟು ಎಂದು ತಲೆಗೆ ಹೊಳೆದಾಗ ಬೀಡಿ ಕೈಯಿಂದ ಬಿತ್ತು.

"ಮೂರ್ತಿ" ಎಂದ. "ಮೂರ್ತಿ ತಗಂಡೋದ ಕಣೇ."

ರೇವಮ್ಮನಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. "ಅಂಚು ತುಟಿಗ್ ಎಳ್ದು ನೋಡ್ದಾ?" ಎಂದಷ್ಟೇ ಕೇಳಿದಳು. "ಬೆರಳಲ್ಲಿ ನೋಡ್ದೆ" ಎಂದ ಅವನು. ಫೋನ್ ಮಾಡಿದರು, ಸ್ವಿಚ್ಡ್ ಆಫ್. ಅಮ್ಮನ ಪೆಟ್ಟಿಗೆ ತಲೆಗೇರಿದ ಮೇಲೆ ಅವರು ಫೋನ್ ಮುಟ್ಟುವುದಿಲ್ಲ. ಸಂಜೆ ಪೆಟ್ಟಿಗೆ ಇಳಿಸುವ ತನಕ ಅಂಜನಮೂರ್ತಿ ಆ ಚಾಟಿಯನ್ನು ಬೀಸಿಕೊಳ್ಳುತ್ತಲೇ ಇರುತ್ತಾನೆ. ಮೊದಲ ಏಟಿಗೇ ಗೊತ್ತಾಗುತ್ತದೆ, ಆದರೆ ನಿಲ್ಲಿಸುವ ಹಾಗಿಲ್ಲ. ನೋಯುತ್ತದೆ ಎಂದು ಚಾಟಿ ಕೆಳಗಿಟ್ಟರೆ, ಹಾಗಾದರೆ ಇಷ್ಟು ದಿನ ನೋಯುತ್ತಿರಲಿಲ್ಲವೇ ಎಂದು ಜನ ಕೇಳುತ್ತಾರೆ. ಗಂಡ ಹೆಂಡಿರ ಹೊಟ್ಟೆಪಾಡು ನಿಂತಿರುವುದು ಆ ಪ್ರಶ್ನೆಯನ್ನು ಯಾರೂ ಕೇಳದಿರುವುದರ ಮೇಲೆ.

ಕಾಲಿಗೊಂದು ಹಳೇ ಸೀರೆಯ ತುಂಡು ಸುತ್ತಿ ಇಬ್ಬರೂ ಹೊರಟರು. ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್. ತುಮಕೂರು ಸ್ಟ್ಯಾಂಡಿನಲ್ಲಿ ಬಸ್ಸು ಹೊರಡದೆ ಕಾಲು ಗಂಟೆ ನಿಂತಿತು. ಕಂಡಕ್ಟರ್ ಕೆಳಗೆ ಹರಟುತ್ತಿದ್ದ. ನರಸಿಂಹಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಯ್ಯಾ, ಹೋಗೋ ಮನ್ಸೈತಾ ಇಲ್ವಾ?" ಎಂದು ಕೂಗಾಡಿದ. ಸಾಮಾನ್ಯವಾಗಿ ದನಿಯೆತ್ತುವ ಮನುಷ್ಯನಲ್ಲ. ಬಸ್ಸು ಹೆಬ್ಬೂರು ದಾಟಿತು. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಮೂರ್ ವರ್ಸದಿಂದ ಒಂದೂ ಬಿಚ್ಚಿಲ್ಲ ಅಂತಿದ್ನಲ್ಲ, ಕೈ ಪಳಗಿದ್ದಲ್ಲ ಕಣೇ. ಕಾಲ್ ಸತ್ತಿದ್ದು."

ರೇವಮ್ಮ ಕಿಟಕಿಯಾಚೆ ನೋಡುತ್ತಾ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಆ ಕೈ ಅಲ್ಲಿದೆ ಎನ್ನುವುದು ಅವನಿಗೆ ಕಣ್ಣಿನಿಂದಲೇ ಗೊತ್ತಾಗಬೇಕಾಯಿತು.

ಕುಣಿಗಲ್ ಪೇಟೆಯಲ್ಲಿ ಅವರನ್ನು ಹುಡುಕಬೇಕಾಗಲಿಲ್ಲ. ಉರುಮೆಯ ಸದ್ದು ಬಸ್ ಸ್ಟ್ಯಾಂಡಿಗೇ ಕೇಳುತ್ತಿತ್ತು. ಒಂದು ಬೇಕರಿಯ ಮುಂದೆ ಜನ ಮೂರು ಸುತ್ತು ನಿಂತಿದ್ದರು. ಇಷ್ಟು ಜನ ಎಂದೂ ಸೇರುವುದಿಲ್ಲ. ಭುಜಗಳ ನಡುವೆ ತೂರಿಕೊಂಡು ಹೋಗಿ ನೋಡಿದರೆ ಅಂಜನಮೂರ್ತಿಯ ಬೆನ್ನು ಪೂರ್ತಿ ಕೆಂಪಾಗಿತ್ತು. ಸೊಂಟಕ್ಕೆ ಸುತ್ತಿದ ಹಳದಿ ಬಟ್ಟೆಯವರೆಗೂ ರಕ್ತ ಇಳಿದಿತ್ತು. "ಇವತ್ತು ಅಮ್ಮ ನಿಜವಾಗ್ಲೂ ಬಂದವ್ಳೆ" ಎಂದು ಒಬ್ಬಳು ಕೈಮುಗಿದಳು. ಬೇಕರಿಯವನು ಗಲ್ಲಾ ಬಿಟ್ಟು ಇಳಿದು ಬಂದಿದ್ದ. ನಾಲ್ಕು ಜನ ಮೊಬೈಲ್ ಎತ್ತಿ ಹಿಡಿದಿದ್ದರು. ಕೊಲ್ಲಾಪುರಮ್ಮ ಉರುಮೆ ಉಜ್ಜುತ್ತಿದ್ದಳು, ಅವಳ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಅಂಜನಮೂರ್ತಿ ಹಲ್ಲು ಕಚ್ಚಿಕೊಂಡು ಮತ್ತೆ ಚಾಟಿಯೆತ್ತಿದ.

ಆ ಎತ್ತಿದ ಕೈಯನ್ನು ನರಸಿಂಹಯ್ಯ ಹಿಡಿದುಕೊಂಡ. ಏನು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದನೋ ಇಲ್ಲವೋ, ಬಾಯಿಂದ ಬಂದದ್ದು ಇಷ್ಟು:

"ಅಮ್ಮಂಗೆ ನಂದೊಂದ್ ಹರಕೆ ಐತೆ. ಚಾಟಿ ಕೊಡಪ್ಪ."

ಹರಕೆ ಎಂದರೆ ಯಾರೂ ಅಡ್ಡ ಬರುವಂತಿಲ್ಲ. ಅಂಜನಮೂರ್ತಿ ಅವನನ್ನು ನೋಡಿದ. ಅಂಥ ನೋಟವನ್ನು ನರಸಿಂಹಯ್ಯ ಅವನ ಕಣ್ಣಿನಲ್ಲಿ ಎಂದೂ ಕಂಡಿರಲಿಲ್ಲ. ಚಾಟಿ ಕೈ ಬದಲಾಯಿತು. ನರಸಿಂಹಯ್ಯ ಅಂಗಿ ಬಿಚ್ಚಿ ರೇವಮ್ಮನ ಕೈಗೆ ಕೊಟ್ಟು, ತನ್ನ ಬರಿ ಬೆನ್ನಿಗೆ ಬೀಸಿಕೊಂಡ.

ಬೆನ್ನು ಸತ್ತಿರಲಿಲ್ಲ. ಬೆಂಕಿಯ ಗೆರೆ ಎಳೆದ ಹಾಗಾಗಿ ಕಣ್ಣು ಕತ್ತಲೆ ಬಂತು. ಇದನ್ನು ಇವನು ಬೆಳಿಗ್ಗೆಯಿಂದ ಎಷ್ಟು ಸಲ ತಿಂದನೋ ಎನ್ನಿಸಿ ಎರಡನೆಯದನ್ನು ಬೀಸಿಕೊಂಡ. ಮೂರನೆಯದಕ್ಕೆ ನಿಂತಲ್ಲೇ ಕುಸಿದು, ಅರವತ್ತೆರಡು ವರ್ಷದ ಗಂಡಸು ನಡುಬೀದಿಯಲ್ಲಿ ಗಟ್ಟಿಯಾಗಿ ಅತ್ತುಬಿಟ್ಟ. ಯಾರೋ ಬಂದು ಅವನ ಹಣೆಗೆ ಕುಂಕುಮ ಹಚ್ಚಿ, ಕಾಲಿಗೆ ನೀರು ಸುರಿದು, ಅಮ್ಮ ಮೈಮೇಲೆ ಬಂದಿದ್ದಾಳೆಂದು ಏನೋ ಕೇಳಿಕೊಂಡರು. ಕೊಲ್ಲಾಪುರಮ್ಮ ಸಮಯ ನೋಡಿ ಉರುಮೆ ನಿಲ್ಲಿಸಿದಳು. ಅಮ್ಮ ಶಾಂತಳಾದಳು, ಇವತ್ತಿಗೆ ಸಾಕಂತೆ ಎಂದಳು. ಜನ ಒಪ್ಪಿದರು.

ಕೆರೆ ಏರಿಯ ಮೇಲೆ ಒಂದು ಹೊಂಗೆ ಮರದ ಕೆಳಗೆ ನಾಲ್ವರೂ ಕೂತರು. ರೇವಮ್ಮ ಅಂಗಡಿಯಿಂದ ಅರಿಶಿನ, ಕೊಬ್ಬರಿ ಎಣ್ಣೆ ತಂದು ಅಂಜನಮೂರ್ತಿಯ ಬೆನ್ನಿಗೆ ಹಚ್ಚಿದಳು. ನರಸಿಂಹಯ್ಯ ನೋಡುತ್ತಾ ಕೂತ. ತಾತ ತಮ್ಮನ ಬೆನ್ನಿನ ಮೇಲೆ ಕಂಡ ಹೆಣಿಗೆಯ ಗುರುತು ಯಾವುದೆಂದು ಈಗ ಅವನ ಕಣ್ಣಿಗೂ ಕಂಡಿತು.

"ಮೊದುಲ್ನೇ ಏಟ್ಗೇ ಗೊತ್ತಾಯ್ತಣ್ಣ" ಎಂದ ಅಂಜನಮೂರ್ತಿ. "ನಂದೇನ್ ತಪ್ಪಾಯ್ತೋ, ನನ್ ಮ್ಯಾಲೆ ಏನ್ ಸಿಟ್ಟಿತ್ತೋ, ಹಿಂಗ್ ಕಟ್ಕೊಟ್ಟವ್ನೆ ಅನ್ಕಂಡೆ. ಬೆಳಗ್ಗಿಂದ ಅದ್ನೇ ಯೋಚ್ನೆ ಮಾಡ್ತಿದ್ದೆ. ನೋವ್ಗಿಂತ ಅದೇ ಹೆಚ್ಚಾಗಿತ್ತು."

ನರಸಿಂಹಯ್ಯ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದ. ಅಂಜನಮೂರ್ತಿ ಆ ಮೂರು ಸೀಳುಗಳನ್ನು ನೋಡಿದ. ನಿನ್ನೆ ಸಂಜೆ ಎದುರಿಗೇ ನಿಂತು ಸದ್ದು ಕೇಳಿದ್ದ ಏಟುಗಳು.

"ನಿಂಗ್ ಗೊತ್ತಾಗ್ಲಿಲ್ವಾ?"

"ಇಲ್ಲ ಕಣ್ಲಾ. ಗೊತ್ತಾಗ್ಲೇ ಇಲ್ಲ."

ಮಾರನೆಯ ದಿನ ರೇವಮ್ಮ ಅವನನ್ನು ತುಮಕೂರಿಗೆ, ಡಾಕ್ಟರ್ ಅನುಪಮಾ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಮಂಚದ ಮೇಲೆ ಮಲಗಿಸಿ, ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆ ತೆಗೆದರು. ಕಣ್ಣು ಮುಚ್ಚಿಕೊಳ್ಳಿ, ಕಾಲಿಗೆ ತಾಕಿದಾಗಲೆಲ್ಲ ಹೂಂ ಅನ್ನಿ ಎಂದರು. ನರಸಿಂಹಯ್ಯ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕಾದ. ಕಾದು ಕಾದು ಕೊನೆಗೆ, "ಯಾವಾಗ್ ಶುರು ಮಾಡ್ತೀರ್ ತಾಯಿ?" ಎಂದ.

"ಮುಗೀತು ತಾತ" ಎಂದರು ಡಾಕ್ಟರು.

ಶುಗರಿನಿಂದ ನರಗಳು ಸತ್ತಿವೆ, ಎರಡು ಕಾಲಿಗೂ ಹೀಗೆಯೇ ಆಗಿದೆ, ಬೆರಳ ತುದಿಗೂ ಬಂದಿದೆ ಎಂದರು. ಹೋದದ್ದು ಬರುವುದು ಕಷ್ಟ, ಮಾತ್ರೆ ತಪ್ಪಿಸಬೇಡಿ, ಮೈಮೇಲೆ ಎಲ್ಲೂ ಇನ್ನೊಂದು ಗಾಯ ಮಾಡಿಕೊಳ್ಳಬೇಡಿ, ಕಾಲಿಗಾದರೆ ಕಾಲು ತೆಗೆಯುವ ಮಟ್ಟಕ್ಕೂ ಹೋಗಬಹುದು ಎಂದು ಒತ್ತಿ ಹೇಳಿದರು. ಆ ಮೂರು ಸೀಳು ಮಾಯಲು ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳು ಬೇವಿನ ಮರದ ಮೊಳೆ ಖಾಲಿ ನಿಂತಿತ್ತು. ಬಂದ ಗಿರಾಕಿಗಳನ್ನು ನರಸಿಂಹಯ್ಯ ಹಾಗೇ ಕಳಿಸಿದ. ಟ್ರ್ಯಾಕ್ಟರಿನವನು, ಅಯ್ಯೋ, ನೇತಾಕಕ್ಕೆ ತಾನೇ, ಯಾರಿಗೆ ಹೊಡೀಬೇಕಿತ್ತು ಎಂದು ಗೋಗರೆದರೂ ಕಟ್ಟಲಿಲ್ಲ. ಮೊಳೆ ಕಿತ್ತುಬಿಡುತ್ತೇನೆ ಎಂದು ಒಂದು ದಿನ ಇಕ್ಕಳ ಹುಡುಕಿದ. ರೇವಮ್ಮ ಇಕ್ಕಳವನ್ನು ಮೊದಲೇ ಎಲ್ಲೋ ಎತ್ತಿಟ್ಟಿದ್ದಳು. ಅವಳು ಕುಣಿಗಲ್‌ನ ಚಾಟಿಯನ್ನು ಬಿಚ್ಚಿ, ಬಾರುಗಳನ್ನು ನೆನೆಹಾಕಿ, ಒಂದೊಂದನ್ನೇ ಹೆರೆದು ತುಟಿಗೆಳೆಯುತ್ತಾ ಕೂತಳು. ಹನ್ನೆರಡೂ ಮುಗಿದ ಮೇಲೆ ತಂದು ಅವನ ಮುಂದಿಟ್ಟಳು.

"ಅಂಜನಮೂರ್ತಿ ಬರೀ ಕೈಯಲ್ಲವ್ನೆ. ಹೆಣಿ."

"ಹೆಣ್ದು? ಯಾರ್ ಕಾಲ್ಗೆ ಹೊಡ್ದು ನೋಡ್ಲಿ?"

"ಮೊದ್ಲು ಹೆಣಿ."

ಹೆಣೆದ. ಬೆರಳನ್ನು ನಂಬದೆ ಕಣ್ಣಿನಿಂದ ಹೆಣೆದ, ನಾಲ್ಕು ದಿನದ ಕೆಲಸಕ್ಕೆ ಹತ್ತು ದಿನ ಹಿಡಿಯಿತು. ಅಂಜನಮೂರ್ತಿ, ಕೊಲ್ಲಾಪುರಮ್ಮ ಇಬ್ಬರೂ ಬಂದರು. ಊಟವಾಯಿತು. ಚಾಟಿಯನ್ನು ತಂದ ನರಸಿಂಹಯ್ಯ ಅದನ್ನು ಕೊಡದೆ ಕೈಯಲ್ಲೇ ಹಿಡಿದು ನಿಂತ.

"ಮೂರ್ತಿ, ಇದು ಹೆಂಗೈತೆ ಅಂತ ನಂಗ್ ಗೊತ್ತಿಲ್ಲ. ಗೊತ್ತಿಲ್ದೆ ಇರೋದ್ನ ಈ ಮನೇಲಿ ಯಾರೂ ಕೊಟ್ಟಿಲ್ಲ." ಅಂಗಿಯ ಗುಂಡಿಗೆ ಕೈಹಾಕಿದ. "ಬೆನ್ಗೆ ಗೊತ್ತಾಯ್ತದೆ. ನೀನೇ ಹೊಡಿ."

ಅಂಜನಮೂರ್ತಿ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಇಪ್ಪತ್ ವರ್ಸದಿಂದ ನನ್ನೇ ಹೊಡ್ಕಂಡಿದೀನಿ ಕಣಣ್ಣ. ಇನ್ನೊಬ್ರ ಮ್ಯಾಲೆ ಕೈಯೆತ್ತಿಲ್ಲ. ನನ್ ಕೈಲಾಗಕಿಲ್ಲ. ಕೊಡು, ನಾನೇ ನೋಡ್ಕಂತೀನಿ."

"ನೀನ್ ಮೊದ್ಲು ನೋಡಂಗಿಲ್ಲ. ಕಟ್ಟಿದೋರ್ ಮೊದ್ಲು."

ಮೂಲೆಯಲ್ಲಿ ಪಾತ್ರೆ ಬೆಳಗುತ್ತಿದ್ದ ರೇವಮ್ಮ ಎದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಗಂಡನ ಅಂಗಿಯ ಗುಂಡಿಯನ್ನು ತಿರುಗಿ ಹಾಕಿದಳು.

"ಡಾಕ್ಟ್ರಮ್ಮ ಹೇಳಿದ್ ಮರ್ತೋಯ್ತಾ? ಕೊಡಿಲ್ಲಿ. ಕಟ್ಟಿದೋರ್ ಮೈ ಅಂತ ತಾನೇ ಇರೋದು? ನಲವತ್ ವರ್ಸದಿಂದ ನಾನೇನ್ ಮಾಡ್ತಿದ್ದೆ ಅನ್ಕಂಡಿದೀಯಾ?"

ನರಸಿಂಹಯ್ಯನ ಕಣ್ಣು ಹೆಂಡತಿಯ ಗೆರೆ ಗೆರೆಯಾದ ಕೆಳತುಟಿಯ ಮೇಲೆ ನಿಂತುಹೋಯಿತು. ನಲವತ್ತು ವರ್ಷ ಕಣ್ಣೆದುರಿಗಿದ್ದ ತುಟಿ ಅದು. ಚಾಟಿಯ ಹಿಡಿಯನ್ನು ಅವಳ ಕಡೆ ತಿರುಗಿಸಿ ಎರಡೂ ಕೈಯಿಂದ ಕೊಟ್ಟ.

ರೇವಮ್ಮ ಎಡಗೈಯ ಬಳೆಯನ್ನು ಮೇಲಕ್ಕೆ ಸರಿಸಿ, ಮುಂಗೈ ಚಾಚಿ, ಬೀಸಿದಳು. ಅಭ್ಯಾಸವಿಲ್ಲದ ಕೈ, ಸದ್ದು ಅಷ್ಟೇನೂ ಆಗಲಿಲ್ಲ.

"ಉಸ್" ಎಂದಳು.

ಅವಳು ಬೆಳಕಿಗೆ ಹೋಗಿ ಚಾಟಿಯನ್ನು ಬೆರಳಿಂದ ಬೆರಳಿಗೆ ಜಾರಿಸುತ್ತಾ ನೋಡಿದಳು, ಒಂದು ಕಡೆ ನಿಲ್ಲಿಸಿದಳು. "ಎಂಟು ಎಳೆ ನಾಕಾಗೋ ಕಡೆ ಕೊಯ್ದ ತುದಿ ಹೊರಗೇ ಉಳ್ದೈತೆ. ಕಚ್ತದೆ. ಹೋಗ್ ಬಾರಪ್ಪ ಮೂರ್ತಿ, ಇನ್ನೆಂಟ್ ದಿನ ಬುಟ್ಟು ಬಾ."

ಅಂಜನಮೂರ್ತಿ ಆ ಚಾಟಿಗೆ ದೂರದಿಂದಲೇ ಕೈಮುಗಿದು, ಹೆಂಡತಿಯ ಜೊತೆ ಬಸ್ಸಿಗೆ ಹೊರಟ. ರೇವಮ್ಮ ಮರದ ಕೆಳಗೆ ಕೂತು ತುದಿಯ ಗಂಟನ್ನು ಬಿಚ್ಚತೊಡಗಿದಳು. ಮುಂಗೈಯ ಮೇಲೆ ಒಂದು ಕೆಂಪು ಗೆರೆ ಎದ್ದಿತ್ತು. ನರಸಿಂಹಯ್ಯ ಒಳಗಿನಿಂದ ಹರಳೆಣ್ಣೆಯ ಬಟ್ಟಲು ತಂದು ಅವಳ ಪಕ್ಕ ಕೂತ. ಎಣ್ಣೆಯಲ್ಲಿ ಬೆರಳದ್ದಿ, ಆ ಗೆರೆ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಕಣ್ಣಿನಿಂದ ನೋಡಿಕೊಂಡು ಹಚ್ಚತೊಡಗಿದ.

"ನೋವಾಯ್ತಾ?" ಎಂದ.

"ಆಗ್ದೆ ಇರ್ತದಾ?" ಎಂದಳು ರೇವಮ್ಮ.